ಊರ ಪರಿಚಯ: ಹಾವೇರಿಯ ಸಿದ್ಧೇಶ್ವರನ ನೆರೆಹೊರೆ

ಬ್ಯಾಡಗಿಯೆಂದೊಡನೆ ಮೆಣಸಿನಕಾಯಿಯ ಕೆಂಬಣ್ಣವೂ, ಹಾವೇರಿಯೆಂದೊಡನೆ ಏಲಕ್ಕಿಯ ಮಾಲೆಯೂ ನಮ್ಮ ಗೃಹಿಣಿಯರ ಕಣ್ಣ ಮುಂದೆ ನಿಲ್ಲುವವು. ಪೇಟೆಯಿಂದ ಊರಿನ ಹೆಸರು ಹಬ್ಬುವದು ಸಹಜವೇ. ಆದರೆ ಹಾವೇರಿಗೆ ಪೇಟೆಯ ಹಂಗಿಲ್ಲದ ಇನ್ನೊಂದು ಗುರುತುಂಟು. ಊರಿನ ಮೂಡಣ ಅಂಚಿನ ಇಳಿಜಾರಿನಲ್ಲಿ ನಿಂತಿರುವ ಸಿದ್ಧೇಶ್ವರ ದೇವಾಲಯವೇ ಅದು. ಊರವರ ಬಾಯಲ್ಲಿ ಪುರಸಿದ್ಧೇಶ್ವರ. ಈ ತಿಂಗಳು ವಾಚಕರನ್ನು ಅದರ ನೆರೆಹೊರೆಗೆ ಕರೆದೊಯ್ಯುವೆವು.

ಕಲ್ಯಾಣದ ಚಾಲುಕ್ಯರ ಕಾಲದ ಗುಡಿಯಿದು. ಶಾಸನಗಳ ಆಧಾರದಿಂದ ಮೊದಲ ಪ್ರತಿಷ್ಠೆಯು 11ನೆಯ ಶತಮಾನದ ಕೊನೆಯದೆಂದು ತಿಳಿಯುವದು. ಇಂದು ಕಾಣುವ ಕೆತ್ತನೆಯ ಸೊಬಗು 12ನೆಯ ಶತಮಾನದ್ದು. ಕಟ್ಟಿದ್ದು ಬಳಪದ ಕಲ್ಲಿನಿಂದ. ಉಳಿಗೆ ಸುಲಭವಾಗಿ ಮಣಿಯುವ ಈ ಕಲ್ಲಿನಲ್ಲಿ ಶಿಲ್ಪಿಯು ಗೋಡೆಗಳ ಮೇಲೆಲ್ಲ ಪುಟ್ಟ ಪುಟ್ಟ ಶಿಖರಗಳನ್ನು ಬಿಡಿಸಿದ್ದಾನೆ. ಆ ಕಾಲದ ಗುಡಿಗಳು ಹೆಚ್ಚಾಗಿ ಪೂರ್ವಾಭಿಮುಖವಾಗಿರಲು, ಇದು ಪಶ್ಚಿಮಕ್ಕೆ ಮೋರೆಮಾಡಿದೆ. ಒಳಗೆ ಉಮಾಮಹೇಶ್ವರ, ಲಕ್ಷ್ಮಿಯೊಡಗೂಡಿದ ವಿಷ್ಣು, ಸೂರ್ಯ, ನಾಗ-ನಾಗಿಣಿ, ಸಪ್ತಮಾತೃಕೆಯರ ವಿಗ್ರಹಗಳಿವೆ. ಇದು ಮೊದಲು ವಿಷ್ಣುವಿನ ಗುಡಿಯಾಗಿದ್ದು, ಬಳಿಕ ಜೈನರ ಕೈಸೇರಿ, ಕೊನೆಗೆ ಶಿವನ ನೆಲೆಯಾಯಿತೆಂದು ಹೆನ್ರಿ ಕಸಿನ್ಸ್ ಎಂಬ ವಿದ್ವಾಂಸರು ಊಹಿಸಿದರು. ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪವನ್ನು ಕುರಿತ ಅವರ ಗ್ರಂಥವು 1926ರಲ್ಲಿ ಪ್ರಕಟವಾಯಿತು. ಮೂಲದೇವರು ಯಾರೆಂಬ ವಿಷಯದಲ್ಲಿ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ಹೇಗೂ ಇರಲಿ, ಪೂಜೆಯಂತೂ ನಡೆದಿದೆ.

ಗುಡಿಯು ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವದು. ಇಂಥ ಸ್ಮಾರಕದ ನೆರೆಯಲ್ಲಿ ಮನೆಯುಳ್ಳವರಿಗೆ ಅದು ಅಭಿಮಾನದ ಮಾತು ಮಾತ್ರವಲ್ಲ, ಸಂಸಾರದ ಮಾತೂ ಹೌದು. 1958ರ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ರಕ್ಷಿತ ಸ್ಥಳದ ಎಲ್ಲೆಯಿಂದ 100 ಮೀಟರಿನೊಳಗೆ ಹೊಸ ಕಟ್ಟಡವನ್ನು ಕಟ್ಟುವಂತಿಲ್ಲ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಪಡೆದೇ ಕಟ್ಟಬೇಕು. ಅಳತೆಯು ಗುಡಿಯ ಗೋಡೆಯಿಂದಲ್ಲ, ರಕ್ಷಿತ ಎಲ್ಲೆಯಿಂದ ಎಂಬದನ್ನು ಮರೆಯಬಾರದು. ತಪ್ಪಿದರೆ 2 ವರ್ಷಗಳ ವರೆಗೆ ಸೆರೆ, 1 ಲಕ್ಷ ರೂಪಾಯಿಗಳ ವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು.

ಮಗನ ಮದುವೆಗೆ ಒಂದು ಕೋಣೆಯನ್ನು ಏರಿಸಬೇಕೆಂಬ ಗೃಹಸ್ಥನಿಗೆ ಇದು ಕಠಿಣವಾಗಿ ತೋರುವದು ನಿಜ. ಅವನ ಸಂಕಟವನ್ನು ಹಗುರಾಗಿ ಕಾಣಬಾರದು. ಆದರೆ ನೆರೆಯಲ್ಲಿ ಆಳವಾಗಿ ಅಗೆದ ಅಡಿಪಾಯ, ದಾರಿತಪ್ಪಿದ ಮೋರಿಯ ನೀರು, ಇವು ಹಳೆಯ ಕಲ್ಲುಕಟ್ಟಡದ ಬುಡವನ್ನು ಸಡಿಲಿಸಬಲ್ಲವು. ಬಿದ್ದ ಮನೆಯನ್ನು ಮರಳಿ ಕಟ್ಟಬಹುದು. ಚಾಲುಕ್ಯರ ಉಳಿಯನ್ನು ಎಲ್ಲಿಂದ ತರುವದು? ಕಾಯಿದೆಯು ಪೂರ್ತಿ ಬಾಗಿಲನ್ನೂ ಮುಚ್ಚಿಲ್ಲ. 1992ರ ಜೂನ್ 16ಕ್ಕಿಂತ ಮೊದಲಿನ ಮನೆಗಳ ದುರಸ್ತಿಗೆ ಸಕ್ಷಮ ಅಧಿಕಾರಿಗೆ ಅರ್ಜಿ ಕೊಡಬಹುದಾಗಿದೆ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ. ನಿವೇಶನವನ್ನು ಕೊಳ್ಳುವ ಮೊದಲು ಎಲ್ಲೆಯನ್ನು ವಿಚಾರಿಸಿರಿ. ಗೋಡೆ ಕೆಡಹುವ ಮೊದಲು ಅನುಮತಿಯನ್ನು ಪಡೆಯಿರಿ. ಪಾಯ ತೋಡುವಾಗ ಅಕ್ಷರವುಳ್ಳ ಕಲ್ಲು ಸಿಕ್ಕರೆ ಅದನ್ನು ಬಟ್ಟೆ ಒಗೆಯುವ ಬಂಡೆಯಾಗಿಸದೆ ಇಲಾಖೆಗೆ ತಿಳಿಸಿರಿ. ರಜೆಯ ದಿನ ಮಕ್ಕಳನ್ನು ಗುಡಿಗೆ ಕರೆದೊಯ್ದು, ಅದು ಯಾವ ದಿಕ್ಕಿಗೆ ಮೋರೆಮಾಡಿದೆಯೆಂದು ಕೇಳಿರಿ. ಉತ್ತರ ಹೇಳಿದ ಮಗುವು ನಾಳೆ ಆ ಗೋಡೆಯ ಮೇಲೆ ತನ್ನ ಹೆಸರನ್ನು ಗೀಚಲಾರದು.