ತಮಟೆ ಬಾಗಿಲಲ್ಲಿ, ಮೃದಂಗ ವೇದಿಕೆಯಲ್ಲಿ



ಶಿವಮೊಗ್ಗದ ಒಬ್ಬ ಕಲಾಪೋಷಕರು ವರ್ಷಕ್ಕೊಮ್ಮೆ ಒಂದು ಪುಸ್ತಿಕೆ ಅಚ್ಚು ಹಾಕಿಸ್ತಾರೆ. ಮುಂದೆ ನಡೆಯಲಿರುವ ಸಂಗೀತ ಕಚೇರಿಗಳು, ಪಕ್ಕದ ಕೋಣೆಯಲ್ಲಿ ಇಡಲಿರುವ ಆಧುನಿಕ ಶಿಲ್ಪಗಳು, ಇವುಗಳ ಬಗ್ಗೆ ಅವರದೇ ಟಿಪ್ಪಣಿ. ಅವರ ಹೆಸರು ಇಲ್ಲಿ ಬೇಡ. ನನ್ನ ಜಗಳ ಆ ಮನುಷ್ಯನ ಜೊತೆ ಅಲ್ಲ, ಆ ಟಿಪ್ಪಣಿಯ ಜೊತೆ.

ನಮ್ಮಪ್ಪನಿಗೆ ಕಚೇರಿ ಅಂದ್ರೆ ತಾಲ್ಲೂಕು ಕಚೇರಿ ಒಂದೇ. ಅಲ್ಲಿ ಕೈಕಟ್ಟಿ ನಿಂತು ನಿಂತು ಅವನ ಕಾಲು ಸೋತವು. ಕೂತು ತಲೆದೂಗುವ ಕಚೇರಿಯೂ ಒಂದಿದೆ ಅಂತ ನನಗೆ ತಿಳಿದದ್ದು ಬಿ.ಎ. ಓದಲು ಪೇಟೆಗೆ ಬಂದ ಮೇಲೆ. ಸಂಗೀತ ನನಗೂ ಬೇಕು. ಒಳ್ಳೆಯ ತನಿ ಆವರ್ತನ ಕೇಳಿದ ರಾತ್ರಿ ನನಗೆ ನಿದ್ದೆ ಬರಲ್ಲ. ಅದಕ್ಕೇ ಇದನ್ನ ಬರೀತಿದ್ದೀನಿ. ಬೇಡವಾದ ಮನೆಯ ಬಾಗಿಲಲ್ಲಿ ಯಾರೂ ನಿಂತು ಕೂಗಲ್ಲ.

ನಡೆದದ್ದು ಇಷ್ಟು. ಆ ಪೋಷಕರು ನಮ್ಮ ಹುಡುಗರನ್ನ ಹುಡುಕಿಕೊಂಡು ಬಂದರು. "ಏನ್ರಪ್ಪಾ, ನಿಮ್ಮಲ್ಲಿ ತಮಟೆ ಚೆನ್ನಾಗಿ ಬಾರಿಸೋರು ಇದಾರಂತಲ್ಲ, ಉದ್ಘಾಟನೆ ದಿನ ಬರ್ಬೇಕು. ಅತಿಥಿಗಳನ್ನ ಗೇಟಿಂದ ಬಾಗಿಲ ತನಕ ಕರ್ಕೊಂಡು ಬರ್ಬೇಕು" ಅಂದರು. ನಮ್ಮವನೊಬ್ಬ ಕೇಳಿದ: "ಸಾರ್, ಬಾಗಿಲಾದ ಮೇಲೆ?" "ಬಾಗಿಲಾದ ಮೇಲೆ ಕಚೇರಿ ಶುರು ಆಗುತ್ತಲ್ಲಪ್ಪಾ." "ಒಳಗೆ ಅರ್ಧ ಗಂಟೆ ನಾವೂ ಬಾರಿಸ್ತೀವಿ ಸಾರ್." ಅವರು ನಕ್ಕರು. ಅದು ಹೊರಗಿನ ವಾದ್ಯವಂತೆ. ಒಳಗೆ ಕಿವಿಗೆ ಬಡಿಯುತ್ತಂತೆ. ಅದನ್ನ ಕಾಯಿಸೋಕೆ ಬೆಂಕಿ ಬೇರೆ ಹಾಕಬೇಕಂತೆ, ಸಭಾಂಗಣದವರು ಒಪ್ಪಲ್ಲವಂತೆ.

ಪುಸ್ತಿಕೆ ಬಂತು. ಹಾಡುವವರ ಹೆಸರು ಇತ್ತು, ಅವರ ಗುರುಗಳ ಹೆಸರು ಇತ್ತು, ಗುರುಗಳ ಗುರುಗಳ ಹೆಸರೂ ಇತ್ತು. ಪಿಟೀಲು, ಮೃದಂಗ, ತಂಬೂರಿ, ಧ್ವನಿವರ್ಧಕ, ಹೂವಿನ ಅಲಂಕಾರ ಎಲ್ಲದಕ್ಕೂ ಹೆಸರು. ನಮ್ಮ ಹುಡುಗರಿಗೆ ಎರಡೇ ಮಾತು: ಜಾನಪದ ಸ್ವಾಗತ. ಸ್ವಾಗತ ಮಾಡಿದವರು ಯಾರು? ಯಾರೂ ಅಲ್ಲ. ಜಾನಪದ.

ಈಗ ಒಂದು ಪ್ರಶ್ನೆ ಕೇಳೋಣ. ಆ ಮೃದಂಗ ಎಲ್ಲಿಂದ ಬಂತು? ಹಲಸಿನ ಕೊರಡು ಕೊರೆದ ಮಾತ್ರಕ್ಕೆ ಮೃದಂಗ ಆಗಲ್ಲ. ಹಸುವಿನ, ಎಮ್ಮೆಯ, ಆಡಿನ ಚರ್ಮ ಬೇಕು. ಅದನ್ನ ತಂದು, ಕೂದಲು ಹೆರೆದು, ಒಣಗಿಸಿ, ಬಾರು ಕೊಯ್ದು, ಎಳೆದು ಬಿಗಿಯುವ ಕೈ ಬೇಕು. ಬಲ ಮುಖಕ್ಕೆ ಕಪ್ಪು ಕರಣೆಯನ್ನ ಪದರ ಪದರವಾಗಿ ಉಜ್ಜಿ ಕೂರಿಸುವ ಕಿವಿ ಬೇಕು. ಹೌದು, ಕಿವಿ. ಶ್ರುತಿ ತಿಳಿಯದವನು ಮೃದಂಗ ಕಟ್ಟಲಾರ. ತಮಿಳು ನಾಡಲ್ಲಿ ಈ ಕೈ, ಈ ಕಿವಿ ಬಹುಪಾಲು ದಲಿತ ಕ್ರೈಸ್ತರದು. ಗಾಯಕ ಟಿ.ಎಂ. ಕೃಷ್ಣ ಅವರು ಇವರ ಬದುಕನ್ನೇ ಹುಡುಕಿ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಅಂತ ಒಂದು ಪುಸ್ತಕ ಬರೆದರು. 2020ರಲ್ಲಿ ಅದರ ಬಿಡುಗಡೆಗೆ ಚೆನ್ನೈನ ಕಲಾಕ್ಷೇತ್ರ ಸಭಾಂಗಣ ಕೊಡ್ತೀನಿ ಅಂತ ಒಪ್ಪಿ, ಆಮೇಲೆ ಮಾತು ಹಿಂದಕ್ಕೆ ತಗೊಂಡಿತು. ಪುಸ್ತಕ ಬೇರೆ ಕಡೆ ಬಿಡುಗಡೆ ಆಯ್ತು. ನೋಡಿ, ಚರ್ಮ ವೇದಿಕೆ ಮೇಲೆ ಹೋಗಬಹುದು. ಚರ್ಮ ಬಿಗಿದವನ ಕಥೆ ಹೋಗೋದಕ್ಕೆ ಮಾತ್ರ ಅಪ್ಪಣೆ ಬೇಕು.

ತಮಟೆಯೂ ಚರ್ಮವೇ. ಮೃದಂಗವೂ ಚರ್ಮವೇ. ಒಂದು ಬಾಗಿಲಲ್ಲಿ ನಿಲ್ಲೋದು, ಇನ್ನೊಂದು ಜಮಖಾನದ ಮೇಲೆ ಕೂರೋದು ನಾದದ ಕಾರಣಕ್ಕಲ್ಲ, ಯಾರ ತೊಡೆಯ ಮೇಲಿದೆ ಅನ್ನೋ ಕಾರಣಕ್ಕೆ. ಶಿವಮೊಗ್ಗದ ಪಕ್ಕದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ಬಾರಿಸಿದ್ದಕ್ಕೇ 2023ರಲ್ಲಿ ಪದ್ಮಶ್ರೀ ಬಂತು. ದಿಲ್ಲಿಯಲ್ಲಿ ಎರಡಕ್ಕೂ ಒಂದೇ ಪದಕ. ನಮ್ಮೂರಿನ ಸಭಾಂಗಣದಲ್ಲಿ ಮಾತ್ರ ಒಂದಕ್ಕೆ ಕುರ್ಚಿ, ಒಂದಕ್ಕೆ ಗೇಟು.

ಇನ್ನು ಶಿಲ್ಪದ ಮಾತು. ಪುಸ್ತಿಕೆಯ ಕೊನೆಯ ಪುಟದಲ್ಲಿ ಭದ್ರಾವತಿಯ ಹಳೇ ಕಬ್ಬಿಣವನ್ನ ಬೆಸುಗೆ ಹಾಕಿ ಮಾಡಿದ ಶಿಲ್ಪಗಳ ಟಿಪ್ಪಣಿ ಇದೆ. ತುಕ್ಕಿನ ಸೌಂದರ್ಯ, ಲೋಹದ ಮೌನ, ಶೂನ್ಯ, ಇಂಥವೇ ಪದಗಳು. ಶಿಲ್ಪಗಳನ್ನ ನಾನು ನೋಡಿದೆ. ಕೆಲವು ನಿಜಕ್ಕೂ ಚೆನ್ನಾಗಿವೆ. ಶಿಲ್ಪಿಯ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಸ್ವಾಮಿ, ಭದ್ರಾವತಿಯ ಕಬ್ಬಿಣ ಯಾವತ್ತು ಮೌನವಾಗಿತ್ತು? 1923ರಲ್ಲಿ ಆ ಕುಲುಮೆ ಹೊತ್ತಿಕೊಂಡಾಗ ಉರಿದದ್ದು ಮಲೆನಾಡಿನ ಕಾಡಿನ ಇದ್ದಿಲು, ಕರಗಿದ್ದು ಕೆಮ್ಮಣ್ಣುಗುಂಡಿಯ ಅದಿರು. ಇದ್ದಿಲು ಸುಟ್ಟವರು ಯಾರು, ಅದಿರು ಅಗೆದವರು ಯಾರು? ಎಲ್ಲ ಜಾತಿಯ ಬಡವರೂ ಇದ್ದರು, ನಮ್ಮವರೂ ಇದ್ದರು. ಕಾಗದ ಕಾರ್ಖಾನೆ 2015ರಲ್ಲಿ ನಿಂತಿತು. ಉಕ್ಕಿನ ಕಾರ್ಖಾನೆ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ತಿಂಗಳುಗಟ್ಟಲೆ ಧರಣಿ ಕೂತು ಕೂಗಿದರು. ಇದರಲ್ಲಿ ಒಂದು ಅಕ್ಷರವೂ ಟಿಪ್ಪಣಿಯಲ್ಲಿಲ್ಲ. ಧರಣಿಯ ಕೂಗು ಕೇಳದ ಕಿವಿಗೆ ಲೋಹದ ಮೌನ ಕೇಳಿಸಿತಂತೆ!

ಆಧುನಿಕ ಶಿಲ್ಪ ಅಂದ್ರೆ ಹೀಗೇ ಇರಬೇಕು, ಜನರ ಮಾತು ಬಂದ್ರೆ ಕಲೆ ಕೆಡುತ್ತೆ ಅಂತ ನಮ್ಮ ಕೆಲವು ಗೆಳೆಯರೂ ನಂಬಿದ್ದಾರೆ. ಅವರಿಗೆ ರಾಮ್‌ಕಿಂಕರ್ ಬೈಜ್ ಗೊತ್ತಿರಲಿ. ಬಂಗಾಳದ ಬಾಂಕುರಾದ ಬಡ ಕ್ಷೌರಿಕರ ಮನೆಯ ಹುಡುಗ. 1938ರಲ್ಲಿ ಶಾಂತಿನಿಕೇತನದ ಬಯಲಲ್ಲಿ ಅವನು ನಿಲ್ಲಿಸಿದ್ದು ದೇವರನ್ನಲ್ಲ, ರಾಜನನ್ನಲ್ಲ, ಊರು ಬಿಟ್ಟು ಹೊರಟ ಒಂದು ಸಂತಾಲ ಕುಟುಂಬವನ್ನ. ಕಂಚಿಗೆ ದುಡ್ಡಿಲ್ಲ, ಸಿಮೆಂಟಿಗೆ ಜಂಬಿಟ್ಟಿಗೆ ಜಲ್ಲಿ ಕಲಸಿ ಮೆತ್ತಿದ. 1956ರಲ್ಲಿ ಇನ್ನೊಂದು ಮಾಡಿದ: ಗಿರಣಿಯ ಕೂಗು ಕೇಳಿ ಓಡುವ ಇಬ್ಬರು ಹೆಂಗಸರು, ಒಂದು ಮಗು. ಒದ್ದೆ ಸೀರೆ ಗಾಳಿಗೆ ಹಾರ್ತಿದೆ, ಒಣಗಿಸಿಕೊಳ್ಳೋಕೂ ಪುರುಸೊತ್ತಿಲ್ಲ. ಭಾರತದ ಆಧುನಿಕ ಶಿಲ್ಪ ಅಂದ್ರೆ ಮೊದಲು ಹೇಳುವ ಹೆಸರುಗಳಲ್ಲಿ ಇವನದೂ ಒಂದು. ಕಾರ್ಖಾನೆಯ ಕೂಗಿಗೆ ಎದ್ದು ಬೆಳೆದ ಭದ್ರಾವತಿಯ ಮಕ್ಕಳಿಗೆ ಈ ಶಿಲ್ಪ ಅರ್ಥ ಆಗೋಕೆ ಟಿಪ್ಪಣಿ ಬೇಕಾ?

ಗೆಳೆಯರೇ, ಇಷ್ಟು ಹೇಳಿ ನಿಲ್ಲಿಸಿದ್ರೆ ನಾನು ಅರ್ಧ ಸತ್ಯ ಹೇಳಿದ ಹಾಗೆ. ನಮ್ಮೊಳಗೇ ಒಂದು ತಕರಾರಿದೆ. ನಮ್ಮಜ್ಜ ಊರಿನ ಹಬ್ಬಕ್ಕೆ, ಊರಿನ ಹೆಣಕ್ಕೆ ತಮಟೆ ಬಾರಿಸುತ್ತಿದ್ದ. ಕೂಲಿ ಇಲ್ಲ, ಎಲೆಯಲ್ಲಿ ಸುತ್ತಿ ಎಸೆದ ಅನ್ನ. ಸಂಘದ ಮಾತು ನಮ್ಮ ಕೇರಿಗೆ ಬಂದಾಗ ಅವನು ಒಂದು ದಿನ "ಇನ್ಮೇಲೆ ಬಾರ್ಸಲ್ಲ" ಅಂದ. ತಮಟೆಯನ್ನ ಅಟ್ಟಕ್ಕೆ ಎಸೆದ. ಊರವರು ಕೆಲಸ ಕೊಡಲಿಲ್ಲ, ಅಜ್ಜಿ ಉಪವಾಸ ಇದ್ದಳು. ಅಷ್ಟು ಬೆಲೆ ಕೊಟ್ಟು ಬಿಟ್ಟದ್ದನ್ನ ಮೊಮ್ಮಕ್ಕಳು ಮತ್ತೆ ಹೆಗಲಿಗೆ ಹಾಕಬೇಕಾ ಅಂತ ನಮ್ಮಪ್ಪ ಇವತ್ತೂ ಕೇಳ್ತಾನೆ. ಆ ಪ್ರಶ್ನೆಗೆ ತಲೆಬಾಗಿಯೇ ಉತ್ತರ ಹೇಳ್ತೀನಿ: ಅಜ್ಜ ಬಿಟ್ಟದ್ದು ತಮಟೆಯನ್ನಲ್ಲ, ಅಪ್ಪಣೆಯನ್ನ. ಯಾವಾಗ ಬಾರಿಸಬೇಕು, ಎಲ್ಲಿ ನಿಲ್ಲಬೇಕು, ಎಲ್ಲಿಗೆ ಮುಗಿಸಬೇಕು ಅಂತ ಇನ್ನೊಬ್ಬ ಹೇಳಿದ್ರೆ ಅದು ಬಿಟ್ಟಿ ಚಾಕರಿ. ಸಭಾಂಗಣದ ಗೇಟಲ್ಲೂ ಅದು ಬಿಟ್ಟಿ ಚಾಕರಿಯೇ, ಕೊರಳಿಗೆ ಒಂದು ಶಾಲು ಬಿತ್ತು ಅಷ್ಟೇ. ನನ್ನ ಹೆಸರು ಹೇಳಿ, ನನ್ನ ಕೂಲಿ ಪಡೆದು, ನಾನು ಬಯಸಿದಷ್ಟು ಹೊತ್ತು ಬಾರಿಸಿದ್ರೆ ಅದು ಕಲೆ. ಬಾರಿಸಲ್ಲ ಅನ್ನುವವನ ಹಕ್ಕೂ ಅಷ್ಟೇ ದೊಡ್ಡದು.

ಇನ್ನೊಂದು ನಮ್ಮದೇ ತಪ್ಪು. ನಮ್ಮ ಸಭೆಗಳಲ್ಲಿ ಜನ ಸೇರುವ ತನಕ ತಮಟೆ. ಭಾಷಣಕಾರ ಬಂದ ಕೂಡಲೇ "ಸಾಕು ನಿಲ್ಸ್ರಪ್ಪಾ." ಊರೂರಲ್ಲಿ ಬಾಬಾಸಾಹೇಬರ ಪ್ರತಿಮೆ ನಿಲ್ಲಿಸಿದ್ವಿ. ಪೀಠದ ಮೇಲೆ ಮಂತ್ರಿಯ ಹೆಸರು ಕೆತ್ತಿಸಿದ್ವಿ, ದಾನಿಯ ಹೆಸರು ಕೆತ್ತಿಸಿದ್ವಿ. ಪ್ರತಿಮೆ ಮಾಡಿದವನ ಹೆಸರು ಎಷ್ಟು ಕಡೆ ಕೆತ್ತಿಸಿದ್ದೀವಿ? ಭದ್ರಾವತಿಗೆ ಹತ್ತಿರದ ಅಮೃತಾಪುರದ ದೇವಸ್ಥಾನ ಕಟ್ಟಿದ್ದು 1196ರಲ್ಲಿ. ಅಲ್ಲಿ ಕೆಲಸ ಮಾಡಿದ ಮಲ್ಲಿತಮ್ಮನ ಹೆಸರು ಇವತ್ತಿಗೂ ನಮಗೆ ಗೊತ್ತು, ಯಾಕಂದ್ರೆ ತನ್ನ ಹೆಸರನ್ನ ಅವನು ಕಲ್ಲಲ್ಲೇ ಕೊರೆದ. ಎಂಟುನೂರು ವರ್ಷದ ಹಿಂದೆ ಕಲ್ಲಲ್ಲಿ ಸಿಕ್ಕ ಜಾಗ ಇವತ್ತು ಆ ಪೋಷಕರ ಪುಸ್ತಿಕೆಯಲ್ಲೂ ಸಿಗಲ್ಲ, ನಮ್ಮ ಪೀಠದಲ್ಲೂ ಸಿಗಲ್ಲ ಅಂದ್ರೆ ನಾವು ಅವರನ್ನ ಬೈದು ಏನು ಉಪಯೋಗ?

ಆದ್ದರಿಂದ ನಾವು ಕೇಳೋದು ಇಷ್ಟು:

ವಾದ್ಯ ನುಡಿಸುವವರ ಹೆಸರಿನ ಜೊತೆಗೆ ವಾದ್ಯ ಕಟ್ಟಿದವರ ಹೆಸರೂ ಅಚ್ಚಾಗಲಿ.

ತಮಟೆಗೆ ಬಾಗಿಲಲ್ಲ, ವೇದಿಕೆ. ಪಿಟೀಲಿಗೆ ಕೊಡುವಷ್ಟೇ ಹೊತ್ತು, ಕೊಡುವಷ್ಟೇ ಸಂಭಾವನೆ. ಕಾಯಿಸೋಕೆ ಬೆಂಕಿಯನ್ನ ನಾವು ಬಯಲಲ್ಲೇ ಹಾಕ್ತೀವಿ, ಸಭಾಂಗಣ ಸುಡಲ್ಲ, ಹೆದರಬೇಡಿ.

ಭದ್ರಾವತಿಯ ಕಬ್ಬಿಣದ ಶಿಲ್ಪ ಭದ್ರಾವತಿಯಲ್ಲೂ ನಿಲ್ಲಲಿ. ಟಿಪ್ಪಣಿಯನ್ನ ಆ ಕಬ್ಬಿಣ ಎರಕ ಹೊಯ್ದ ಒಬ್ಬ ಕಾರ್ಮಿಕನ ಬಾಯಲ್ಲಿ ಕೇಳಿ ಬರೆಯಲಿ.

ಹಾಸ್ಟೆಲಿನ ಮಕ್ಕಳಿಗೆ ಕಚೇರಿಗಳಲ್ಲಿ ಮುಂದಿನ ಸಾಲಲ್ಲೇ ಜಾಗ ಇರಲಿ, ಕುರ್ಚಿ ಎತ್ತಿಡೋಕಲ್ಲ, ಕೇಳೋಕೆ.

ಇದು ದೊಡ್ಡ ಮಾತೇನಲ್ಲ. ಆದರೆ ಸಣ್ಣ ಮಾತಿಗೂ ಈ ನಾಡಲ್ಲಿ ಏಟು ಬೀಳುತ್ತೆ ಅಂತ ನಮಗೆ ಗೊತ್ತು. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ಅವರ ಮಂತ್ರಿಗಿರಿ ಹೋಯ್ತು. ಹಾಸ್ಟೆಲ್‌ಗಳಲ್ಲಿ ನಮ್ಮ ಹುಡುಗರು ಪೆಟ್ಟು ತಿಂದರು. ಆ ಪೆಟ್ಟಿನಿಂದಲೇ ಸಂಘ ಎದ್ದಿತು. ಇದೇ ಭದ್ರಾವತಿಯಲ್ಲಿ ಕಾಲೇಜು ಮೇಷ್ಟರಾಗಿದ್ದ ಬಿ. ಕೃಷ್ಣಪ್ಪನವರು ಅದನ್ನ ಕಟ್ಟಿದರು. 1976ರಲ್ಲಿ ದಲಿತ ಲೇಖಕರು, ಕಲಾವಿದರು ಸಮ್ಮೇಳನ ಸೇರಿದ್ದೂ ಈ ಊರಲ್ಲೇ. ಆ ಹಿರಿಯರು ಯಾವ ಬಾಗಿಲಲ್ಲೂ ಕಾದು ನಿಲ್ಲಲಿಲ್ಲ.

ಮುಂದಿನ ಬಾರಿ ಉದ್ಘಾಟನೆಗೆ ಕರೆ ಬಂದ್ರೆ ನಮ್ಮ ಹುಡುಗರು ಹೋಗ್ತಾರೆ. ಗೇಟಿಂದ ಬಾರಿಸ್ತಾ ಬರ್ತಾರೆ. ಬಾಗಿಲ ಹತ್ರ ನಿಲ್ಲಲ್ಲ. ಬಾರಿಸ್ತಾನೇ ಒಳಗೆ ಬರ್ತಾರೆ. ಕುರ್ಚಿ ಖಾಲಿ ಇರಲಿ ಅಂತ ಈಗಲೇ ತಿಳಿಸಿದ್ದೀವಿ.

ಜೈ ಭೀಮ್.