ತಾನೇ ತೊಳೆದುಕೊಳ್ಳುವ ತೊಟ್ಟಿ

ಇಪ್ಪತ್ತೆಂಟು ವರ್ಷಗಳಿಂದ ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸುತ್ತಿರುವ ನನಗೆ ಒಂದು ಚಾಳಿ ಅಂಟಿಕೊಂಡುಬಿಟ್ಟಿದೆ. ಯಾವ ವಾಕ್ಯ ಕಣ್ಣಿಗೆ ಬಿದ್ದರೂ ಮೊದಲು ಕರ್ತೃಪದ ಹುಡುಕುತ್ತೇನೆ. ಕರ್ಮಣಿ ಪ್ರಯೋಗದ ಪಾಠದಲ್ಲಿ 'ಬಟ್ಟೆ ಒಗೆಯಲ್ಪಟ್ಟಿತು' ಎಂದು ಹಲಗೆಯ ಮೇಲೆ ಬರೆದು, ಒಗೆದವರು ಯಾರು ಎಂದು ಕೇಳಿದರೆ ಹುಡುಗರು 'ಗೊತ್ತಿಲ್ಲ ಟೀಚರ್' ಎನ್ನುತ್ತಾರೆ. ಹುಡುಗಿಯರು ತಡವಿಲ್ಲದೆ 'ಅಮ್ಮ' ಎನ್ನುತ್ತಾರೆ. ವ್ಯಾಕರಣದ ಪ್ರಕಾರ ಹುಡುಗರ ಉತ್ತರ ಸರಿ. ಬದುಕಿನ ಪ್ರಕಾರ ಹುಡುಗಿಯರದು ಸರಿ.

ಈಗ ನಮ್ಮ ಅನುಕೂಲಸ್ಥರ ಮನೆಗಳಿಗೆ ಒಂದು ಹೊಸ ಪೆಟ್ಟಿಗೆ ಬಂದಿದೆ. ಮನೆಯೊಳಗೇ ಸಾಕುವ ಬೆಕ್ಕು ಕಕ್ಕಸಿಗೆ ಹೋಗಲೆಂದು ಮರಳಿನಂಥ ಪುಡಿ ತುಂಬಿ ಇಡುವ ತೊಟ್ಟಿ ಅದು. ಇಂಗ್ಲಿಷಿನಲ್ಲಿ ಲಿಟರ್ ಬಾಕ್ಸ್. ಹಳೆಯದಾದರೆ ದಿನವೂ ಜರಡಿಸೌಟಿನಲ್ಲಿ ಎತ್ತಿ ಹಾಕಬೇಕು. ಹೊಸದು ಹಾಗಲ್ಲವಂತೆ, ತಾನೇ ತೊಳೆದುಕೊಳ್ಳುತ್ತದಂತೆ. 'ಸೆಲ್ಫ್ ಕ್ಲೀನಿಂಗ್' ಎಂದು ಡಬ್ಬದ ಮೇಲೆಯೇ ಅಚ್ಚು ಹಾಕಿದ್ದಾರೆ. ಆ 'ತಾನೇ' ಎಂಬ ಮಾತಿನ ಮೇಲೆ ನನ್ನ ತಕರಾರು. ಈ ಭೂಮಿಯ ಮೇಲೆ ತಾನಾಗಿಯೇ ಶುಚಿಯಾಗುವ ಕಕ್ಕಸು ಯಾವುದೂ ಇಲ್ಲ. ಹಾಗೆಂದು ಯಾರಾದರೂ ಹೇಳಿದರೆ, ತೊಳೆಯುವವರ ಹೆಸರನ್ನು ಮರೆಮಾಚುತ್ತಿದ್ದಾರೆ ಎಂದೇ ತಿಳಿಯಿರಿ.

ನೋಡದೆ ಹೇಳುತ್ತಿರುವ ಮಾತಲ್ಲ ಇದು. ಬೆಂಗಳೂರಿನಲ್ಲಿರುವ ಮಗಳ ಬಾಣಂತನಕ್ಕೆಂದು ಬೇಸಿಗೆ ರಜೆಯ ಜೊತೆ ಗಳಿಕೆ ರಜೆಯನ್ನೂ ಸೇರಿಸಿಕೊಂಡು ಮೂರು ತಿಂಗಳು ಅವಳ ಫ್ಲ್ಯಾಟಿನಲ್ಲಿದ್ದೆ. ಆ ಮೂರು ತಿಂಗಳೂ ಬಚ್ಚಲಿನ ಪಕ್ಕದ ಮೂಲೆಯಲ್ಲಿ ಆ ಯಂತ್ರವೂ ನನ್ನೊಂದಿಗೆ ಬಾಳಿತು. ಬೆಲೆ 40,000 ರೂಪಾಯಿ. ನೋಡಲು ಬಟ್ಟೆ ಒಗೆಯುವ ಯಂತ್ರದ ತಂಗಿಯ ಹಾಗಿದೆ. ಬೆಕ್ಕು ಒಳಗೆ ಹೋಗಿ ಬಂದ ಕೆಲವು ನಿಮಿಷಕ್ಕೆ ಗೊರ್ರೆಂದು ಡೋಲು ತಿರುಗುತ್ತದೆ. ಗಟ್ಟಿಯಾದದ್ದೆಲ್ಲ ಜರಡಿಯಲ್ಲಿ ಬೇರ್ಪಟ್ಟು ಕೆಳಗಿನ ಡ್ರಾಯರಿಗೆ ಬೀಳುತ್ತದೆ, ಶುದ್ಧ ಪುಡಿ ಮತ್ತೆ ಸಮನಾಗಿ ಹರಡಿಕೊಳ್ಳುತ್ತದೆ. ಬೆಕ್ಕಿನ ತೂಕವೆಷ್ಟು, ದಿನಕ್ಕೆ ಎಷ್ಟು ಸಲ ಹೋಯಿತು ಎಂಬ ಲೆಕ್ಕ ಅಳಿಯಂದಿರ ಮೊಬೈಲಿಗೆ ಬರುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಅದು ತಿರುಗಿ ಮಗು ಬೆಚ್ಚಿಬಿದ್ದದ್ದನ್ನು ಬಿಟ್ಟರೆ ಯಂತ್ರದ ಚಾತುರ್ಯಕ್ಕೆ ನಾನೂ ತಲೆದೂಗಿದ್ದೇನೆ.

ನಾನು ಯಂತ್ರಗಳ ವೈರಿಯಲ್ಲ. ನಮ್ಮಮ್ಮ ಒರಳಿನ ಮುಂದೆ ಕೂತು ಸೊಂಟ ಕಳೆದುಕೊಂಡದ್ದನ್ನು ಕಂಡವಳು ನಾನು. ಗ್ರೈಂಡರಿಗೆ, ಮಿಕ್ಸಿಗೆ, ವಾಷಿಂಗ್ ಮೆಷೀನಿಗೆ ಕೈಮುಗಿಯುತ್ತೇನೆ. ಆದರೆ ಗ್ರೈಂಡರು ಹಿಟ್ಟು ರುಬ್ಬಿ ಮುಗಿಸುತ್ತದೆ. ವಾಷಿಂಗ್ ಮೆಷೀನು ಬಟ್ಟೆ ಒಗೆದು ಮುಗಿಸುತ್ತದೆ. ಈ ಪೆಟ್ಟಿಗೆ ಏನನ್ನೂ ಮುಗಿಸುವುದಿಲ್ಲ. ಮೇಲಿದ್ದದ್ದನ್ನು ಕೆಳಗೆ ಹಾಕುತ್ತದೆ, ಅಷ್ಟೆ. ಒಂದು ಬೆಕ್ಕಾದರೆ ವಾರಕ್ಕೆ ಒಂದು ಸಲವಾದರೂ ಆ ಡ್ರಾಯರು ತುಂಬುತ್ತದೆ. ಯಾರೋ ಒಬ್ಬರು ಅದನ್ನು ಎಳೆದು, ಚೀಲ ಕಟ್ಟಿ, ಹೊರಗೆ ಒಯ್ಯಬೇಕು. ತಿಂಗಳಿಗೊಮ್ಮೆ ಡೋಲನ್ನು ಬಿಚ್ಚಿ, ಮೂತ್ರದ ಜಿಡ್ಡು ಹೋಗುವಂತೆ ಉಜ್ಜಿ ತೊಳೆಯಬೇಕು. ಯಂತ್ರದ ಜೊತೆ ಕೊಟ್ಟ ಪುಸ್ತಕದಲ್ಲಿಯೇ ಸಣ್ಣಕ್ಷರದಲ್ಲಿ ಹಾಗೆ ಬರೆದಿದೆ. ದೊಡ್ಡಕ್ಷರದಲ್ಲಿ 'ತಾನೇ', ಸಣ್ಣಕ್ಷರದಲ್ಲಿ 'ನೀವು'!

ಹಿಂದೆ ನಮ್ಮ ಮಲೆನಾಡಿನ ಮನೆಗಳ ಬೆಕ್ಕುಗಳಿಗೆ ಹಿತ್ತಿಲಿನ ಬೂದಿಗುಂಡಿಯೇ ಸಾಕಾಗಿತ್ತು. ಕೆದರಿ, ಕೂತು, ತಾವೇ ಮುಚ್ಚಿ ಬರುತ್ತಿದ್ದವು. ಪ್ರಾಣಿಗಳಲ್ಲಿ ಇಷ್ಟು ಅಚ್ಚುಕಟ್ಟಿನವು ಕಡಿಮೆ. ಅಮೆರಿಕದಲ್ಲೂ ಮೊದಲು ಬೂದಿ, ಮರಳುಗಳೇ ಇದ್ದವು. 1947ರಲ್ಲಿ ಮಿಶಿಗನ್ ರಾಜ್ಯದ ಎಡ್ ಲೋ ಎಂಬಾತ, ಬೆಕ್ಕಿನ ತೊಟ್ಟಿಗೆ ಮರಳು ಕೇಳಿ ಬಂದ ನೆರೆಯ ಹೆಂಗಸಿಗೆ ಎಣ್ಣೆ ಹೀರಲು ಬಳಸುವ ಒಂದು ಜಾತಿಯ ಒಣಮಣ್ಣು ಕೊಟ್ಟನಂತೆ. ಅಲ್ಲಿಂದ ಬೆಕ್ಕಿನ ಮಣ್ಣು ಒಂದು ವ್ಯಾಪಾರವಾಯಿತು. 1980ರ ದಶಕದಲ್ಲಿ, ಒದ್ದೆಯಾದೊಡನೆ ಉಂಡೆಕಟ್ಟುವ ಬೆಂಟೊನೈಟ್ ಜೇಡಿ ಬಂತು. ಉಂಡೆ ಕಟ್ಟದಿದ್ದರೆ ಈ ಯಂತ್ರದ ಜರಡಿ ನಡೆಯುವುದಿಲ್ಲ. ಆ ಜೇಡಿಯನ್ನು ನಮ್ಮ ದೇಶದಲ್ಲಿ ಗುಜರಾತಿನ ಕಚ್ಛ್, ರಾಜಸ್ಥಾನದ ಬಾಡ್‌ಮೇರ್ ಕಡೆ ನೆಲ ಅಗೆದು ತೆಗೆಯುತ್ತಾರೆ. ಮಗಳ ಮನೆಗೆ ತಿಂಗಳಿಗೆ 10 ಕೆ.ಜಿ. ಬೇಕಾಗುತ್ತಿತ್ತು. ಯಾರೋ ಅಗೆದು, ಯಾರೋ ಹೊತ್ತು, ಯಾರೋ ನಾಲ್ಕನೆಯ ಮಹಡಿಗೆ ತಂದಿಟ್ಟ ಮಣ್ಣು. ಇಷ್ಟೆಲ್ಲ 'ಯಾರೋ'ಗಳ ಮೇಲೆ ಒಂದು 'ತಾನೇ' ನಿಂತಿದೆ.

ಕೊನೆಯ 'ಯಾರೋ' ಯಾರು ಎಂಬುದಕ್ಕೆ ಬರುತ್ತೇನೆ. ಮಗಳು ಬಸುರಿಯಾದಾಗ ಡಾಕ್ಟರು ಬೆಕ್ಕಿನ ತೊಟ್ಟಿ ಮುಟ್ಟಬೇಡ ಎಂದಿದ್ದರಂತೆ. ಯಂತ್ರ ಬಂದದ್ದೇ ಆ ಕಾರಣಕ್ಕೆ. ಡಾಕ್ಟರ ಮಾತು ನಿಜವೇ. ಬೇಟೆಯಾಡುವ, ಹಸಿಮಾಂಸ ತಿನ್ನುವ ಬೆಕ್ಕಿಗೆ ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ತಗುಲಬಹುದು. ಅದು ಬೆಕ್ಕಿನ ಮಲದ ಮೂಲಕ ಬಸುರಿಗೆ ಅಂಟಿದರೆ ಹೊಟ್ಟೆಯಲ್ಲಿರುವ ಕೂಸಿಗೆ ಅಪಾಯ. ಆದರೆ ಇದರಲ್ಲಿ ಒಂದು ಸೂಕ್ಷ್ಮವಿದೆ. ಬೆಕ್ಕು ಹೊರಗೆ ಹಾಕಿದ ತಕ್ಷಣ ಅದು ಅಂಟುವುದಿಲ್ಲ, ಮಾಗಲು ಒಂದರಿಂದ ಐದು ದಿನ ಬೇಕು. ಆದ್ದರಿಂದಲೇ ತೊಟ್ಟಿಯನ್ನು ದಿನವೂ ಶುಚಿ ಮಾಡಿ ಎನ್ನುತ್ತಾರೆ. ಈಗ ಹೇಳಿ, ವಾರವಿಡೀ ಡ್ರಾಯರಿನಲ್ಲಿ ಕೂಡಿಟ್ಟು ಏಳನೆಯ ದಿನ ಒಬ್ಬರ ಕೈಗೆ ಕೊಡುವುದು ಯಾವ ಶುಚಿ?

ಆ ಕೈ ಮನೆಗೆಲಸಕ್ಕೆ ಬರುವ ಹುಡುಗಿಯದು. ವಯಸ್ಸು ಇಪ್ಪತ್ತಾರು, ಮದುವೆಯಾಗಿ ಎರಡು ವರ್ಷ. ಕೈಗೆ ಗವಸಿಲ್ಲ. ಒಂದು ಕೈಯಲ್ಲಿ ಮೂಗಿಗೆ ಸೆರಗು, ಇನ್ನೊಂದರಲ್ಲಿ ಆ ಚೀಲ. 'ಇದನ್ನ ಯಾರು ಹೇಳಿದ್ರಮ್ಮಾ ನಿಂಗೆ?' ಎಂದೆ. 'ಯಾರೂ ಹೇಳ್ಲಿಲ್ಲ ಟೀಚರಮ್ಮಾ. ಕೆಂಪು ದೀಪ ಹತ್ಕೊಂಡ್ರೆ ತೆಗೀಬೇಕಲ್ವಾ' ಎಂದಳು. ನೋಡಿದಿರಾ? ಹೇಳಿದವರೂ ಇಲ್ಲ! ದೀಪ ಹೇಳಿತು. ಮಗಳ ಹೊಟ್ಟೆಯಲ್ಲಿದ್ದದ್ದು ಕೂಸು, ಸರಿ. ಈ ಹುಡುಗಿಗೆ ಬಸಿರು ನಿಲ್ಲಬಾರದೆಂದು ಯಾರಾದರೂ ಬರೆದಿಟ್ಟಿದ್ದಾರೆಯೇ? ಡಾಕ್ಟರ ಎಚ್ಚರಿಕೆ ಅಡುಗೆಮನೆಯ ಹೊಸ್ತಿಲು ದಾಟಿ ಇವಳವರೆಗೆ ಏಕೆ ಬರಲಿಲ್ಲ?

ಈ ಡ್ರಾಯರು ಕಂಡಾಗಲೆಲ್ಲ ನನಗೆ ನೆನಪಾಗುತ್ತಿದ್ದದ್ದು ನಾನು ಚಿಕ್ಕವಳಿದ್ದಾಗ ಊರಿನಲ್ಲಿ ಕಂಡ ಹಿಂದಿನ ಓಣಿ. ಮನೆಯ ಬೆನ್ನಿಗೆ ಕಕ್ಕಸು, ಅದರ ಬುಡಕ್ಕೆ ಒಂದು ಪುಟ್ಟ ತಗಡಿನ ಬಾಗಿಲು. ಒಳಗೆ ಕೂತವರಿಗೆ ಆ ಬಾಗಿಲು ಕಾಣುತ್ತಿರಲಿಲ್ಲ. ಬೆಳಿಗ್ಗೆ ಓಣಿಯಿಂದ ಬಂದು ಆ ಬಾಗಿಲು ತೆರೆಯುತ್ತಿದ್ದವರ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಪಾಲಿಗೆ ಆಗಲೂ ಅದು 'ತಾನೇ' ಶುಚಿಯಾಗುತ್ತಿತ್ತು. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. ಇಡೀ ದೇಶಕ್ಕೆಂದು 1993ರಲ್ಲಿ ಒಂದು ಕಾಯಿದೆ ಬಂತು, 2013ರಲ್ಲಿ ಇನ್ನೊಂದು. ಇವೆರಡರ ನಡುವೆ, 2010ರ ಜುಲೈಯಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಈ ಕೆಲಸ ಮಾಡುತ್ತಿದ್ದ ಕುಟುಂಬದವರು ತಮ್ಮನ್ನು ನೆಲೆಯಿಂದ ಎಬ್ಬಿಸುವುದನ್ನು ವಿರೋಧಿಸಿ ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡರು. ಅಲ್ಲಿಯವರೆಗೂ ಅವರು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮ್ಯಾನ್‌ಹೋಲಿನಲ್ಲಿ ಸತ್ತವರ ಮನೆಯವರಿಗೆ 10 ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಸಾವುಗಳು ನಿಂತಿದ್ದರೆ ಮೊತ್ತ ಏರಿಸುವ ಅಗತ್ಯವಿರಲಿಲ್ಲ.

ಬೆಕ್ಕಿನ ತೊಟ್ಟಿಗೂ ಮ್ಯಾನ್‌ಹೋಲಿಗೂ ಎಲ್ಲಿಂದೆಲ್ಲಿಗೆ ಸಂಬಂಧ ಎನ್ನುವಿರಾ? ಒಂದರಲ್ಲಿ ಪ್ರಾಣ ಹೋಗುತ್ತದೆ, ಇನ್ನೊಂದರಲ್ಲಿ ಹೋಗುವುದಿಲ್ಲ. ಅವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವಷ್ಟು ಅವಿವೇಕ ನನಗಿಲ್ಲ. ಆದರೆ ಎರಡನ್ನೂ ನಡೆಸುವ ಬುದ್ಧಿ ಒಂದೇ. ನನ್ನ ಮನೆಯ ಹೊಲಸು ನನ್ನ ಕಣ್ಣಿಂದ ಮರೆಯಾದರೆ ಇಲ್ಲವಾಯಿತು ಎನ್ನುವ ಬುದ್ಧಿ ಅದು. ಹೇಲು ಎಂಬ ಅಚ್ಚಗನ್ನಡದ ಮಾತನ್ನು ನಾನಿಲ್ಲಿ ಬರೆದರೆ ನಿಮ್ಮಲ್ಲಿ ಹಲವರು ಮೂಗು ಮುರಿಯುತ್ತೀರಿ. ಲಿಟರ್ ಎಂದರೆ ಯಾರೂ ಮುರಿಯುವುದಿಲ್ಲ. ಹೆಸರು ಬದಲಾದರೆ ವಾಸನೆ ಬದಲಾಗುವುದೇ?

ನನಗೆ ಬರುವ ಉತ್ತರಗಳು ಗೊತ್ತು. 'ಸಂಬಳ ಕೊಡ್ತೀವಲ್ಲ' ಎಂಬುದು ಮೊದಲನೆಯದು. ಯಾವ ಕೆಲಸಕ್ಕೆ? ಗುಡಿಸಿ ಒರೆಸಿ ಪಾತ್ರೆ ತೊಳೆಯಲು ಮಾತಾಡಿಕೊಂಡದ್ದು. ಬೆಕ್ಕಿನ ಮಾತು ಅದರಲ್ಲಿ ಬಂದಿತ್ತೇ? ಬಂದಿದ್ದರೆ ಒಲ್ಲೆ ಎನ್ನುವ ಅವಕಾಶ ಅವಳಿಗಿತ್ತೇ? 'ಇಬ್ಬರೂ ಕೆಲಸಕ್ಕೆ ಹೋಗೋರು, ಪುರುಸೊತ್ತಿಲ್ಲ' ಎಂಬುದು ಎರಡನೆಯದು. ಜರಡಿಸೌಟಿನಲ್ಲಿ ದಿನಾ ಎತ್ತಲು ಎರಡು ನಿಮಿಷ ಸಾಕು, ನಾನು ಗಡಿಯಾರ ನೋಡಿ ಹೇಳುತ್ತಿದ್ದೇನೆ. ಬೆಕ್ಕು ಎಷ್ಟು ಸಲ ಹೋಯಿತೆಂದು ಮೊಬೈಲಿನಲ್ಲಿ ನೋಡಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. 'ಯಂತ್ರ ಆರೋಗ್ಯದ ಲೆಕ್ಕ ಇಡುತ್ತೆ' ಎಂಬುದು ಮೂರನೆಯದು. ಇಡಲಿ, ಒಳ್ಳೆಯದೇ. ಆದರೆ ಗಂಡುಬೆಕ್ಕಿಗೆ ಮೂತ್ರ ಕಟ್ಟುವ ಕಾಯಿಲೆ ಉಂಟು. ಒಂದೆರಡು ದಿನ ಗಮನಿಸದಿದ್ದರೆ ಜೀವಕ್ಕೇ ಸಂಚಕಾರ. ಉಂಡೆ ಚಿಕ್ಕದಾಯಿತೇ, ಕೆಂಪಾಯಿತೇ, ಇಲ್ಲವೇ ಇಲ್ಲವೇ ಎಂಬುದು ದಿನವೂ ಎತ್ತುವವರಿಗೆ ಥಟ್ಟನೆ ತಿಳಿಯುತ್ತದೆ. ಮಗುವಿನ ಕೌಪೀನ ನೋಡಿ ಹೊಟ್ಟೆಯ ಹದ ತಿಳಿಯುವುದು ಯಾವ ತಾಯಿಗೆ ಹೊಸದು? ಕೊಳಕು ಮುಟ್ಟುವುದೂ ಸಾಕುವುದರ ಒಂದು ಭಾಗ. ಬೆಕ್ಕಿನ ಮೈ ಸವರುವುದಷ್ಟೇ ನಮಗೆ, ಉಳಿದದ್ದು ಇನ್ನೊಬ್ಬರಿಗೆ ಎಂದರೆ ಅದು ಸಾಕಣೆಯಲ್ಲ, ಷೋಕಿ. 'ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ' ಎಂಬ ಗಾದೆಯಲ್ಲಿ ಇಲಿಯ ಜಾಗಕ್ಕೆ ಮನುಷ್ಯರನ್ನು ತಂದು ನಿಲ್ಲಿಸಿದಂತಾಯಿತು.

ಇನ್ನು ಚೀಲದ ಕತೆ. ಬೆಂಗಳೂರಿನಲ್ಲಿ ಕಸ ಬೇರ್ಪಡಿಸಲು 2015ರಲ್ಲಿಯೇ ಹೈಕೋರ್ಟಿನ ಆದೇಶವಾಗಿತ್ತು. ಹಸಿ ಕಸಕ್ಕೆ ಹಸಿರು ಡಬ್ಬಿ, ಒಣ ಕಸಕ್ಕೆ ಚೀಲ, ಶೌಚದ ಕಸಕ್ಕೆ ಕೆಂಪು ಡಬ್ಬಿ. ಬೆಕ್ಕಿನ ಮಣ್ಣು ಕೆಂಪು ಡಬ್ಬಿಗೆ ಸೇರಬೇಕಾದದ್ದು. ಆ ಮಹಡಿಗಳ ಸಾಲಿನಲ್ಲಿ ಅದನ್ನು ಹಸಿ ಕಸಕ್ಕೆ ಸುರಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಮೇಲೆ ಪೌರಕಾರ್ಮಿಕ ಹೆಂಗಸರು ತರಕಾರಿ ಸಿಪ್ಪೆಯ ನಡುವಿನಿಂದ ಅದನ್ನು ಕೈಯಿಂದ ಆರಿಸಬೇಕು. ಇನ್ನು ಕೆಲವರು ಕಮೋಡಿಗೆ ಹಾಕಿ ನೀರು ಬಿಡುತ್ತಾರೆ. ಬೆಂಟೊನೈಟ್ ನೀರು ಕುಡಿದು ಹಲವು ಪಟ್ಟು ಉಬ್ಬುತ್ತದೆ, ಪೈಪು ಕಟ್ಟುತ್ತದೆ. ಕಟ್ಟಿದ ಪೈಪೂ ತಾನೇ ಬಿಚ್ಚಿಕೊಳ್ಳುವುದಿಲ್ಲ.

ನಾನೇನು ಮಾಡಿದೆ ಎಂದು ಕೇಳುವವರಿಗೆ ಹೇಳುತ್ತೇನೆ. ಅಳಿಯಂದಿರ ಮುಖಕ್ಕೆ ನೇರವಾಗಿ ಹೇಳುವ ರೂಢಿ ನಮ್ಮಲ್ಲಿಲ್ಲ. ಬಾಣಂತಿಗೆ ಹೇಳಿದಂತೆ ಮಾಡಿ, ಪಕ್ಕದ ಕೋಣೆಯಲ್ಲಿದ್ದವರಿಗೆ ಕೇಳುವಂತೆ, 'ಬೆಕ್ಕು ತಂದವರು ಯಾರೋ ಅವರೇ ಅದರ ಡ್ರಾಯರೂ ತೆಗೆಯಲಿ, ವಾರಕ್ಕಲ್ಲ, ದಿನಾ' ಎಂದೆ. ಮಗಳು ಮುಖ ಸಣ್ಣಗೆ ಮಾಡಿಕೊಂಡಳು. ಅಳಿಯಂದಿರು ಎರಡು ದಿನ ಮಾತು ಕಡಿಮೆ ಮಾಡಿದರು. ಮೂರನೆಯ ದಿನ ಗವಸು ತಂದರು, ಒಂದು ಜೊತೆಯಲ್ಲ, ಎರಡು ಜೊತೆ. ಒಂದು ತಮಗೆ, ಒಂದು ಪಾತ್ರೆ ತೊಳೆಯುವ ಹುಡುಗಿಯ ಕೈ ಒಡೆಯುತ್ತದೆಂದು ಅವಳಿಗೆ. ನಾನು ಊರಿಗೆ ಮರಳುವವರೆಗೂ ಬೆಳಗಿನ ಕಾಫಿಗೆ ಮುಂಚೆ ಅವರೇ ಡ್ರಾಯರು ಎಳೆಯುತ್ತಿದ್ದರು. ಹುಡುಗಿಗೆ ಡಾಕ್ಟರು ಹೇಳಿದ್ದನ್ನೆಲ್ಲ ಕೂರಿಸಿಕೊಂಡು ಹೇಳಿದೆ. 'ಇದು ಮೊದ್ಲೇ ಗೊತ್ತಿದ್ರೆ ಕೈ ತೊಳ್ಕೊಂಡೇ ಊಟಕ್ಕೆ ಕೂರ್ತಿದ್ದೆ' ಎಂದಳು. ಮುಟ್ಟುವುದಿಲ್ಲ ಎನ್ನುತ್ತಿದ್ದೆ ಎಂದು ಆಗಲೂ ಅವಳ ಬಾಯಲ್ಲಿ ಬರಲಿಲ್ಲ. ನನಗೆ ಅತಿ ಹೆಚ್ಚು ಚುಚ್ಚಿದ್ದು ಅದು.

ಬೆಕ್ಕು ಸಾಕಿ, ಬೇಡವೆನ್ನಲು ನಾನು ಯಾರು? ಮೊಣಕಾಲು ಬಗ್ಗಿಸಲಾಗದವರು, ಒಂಟಿಯಾಗಿರುವ ವಯಸ್ಸಾದವರು ಯಂತ್ರವನ್ನೂ ಕೊಳ್ಳಲಿ, ಅವರಿಗದು ನಿಜವಾದ ಉಪಕಾರ. ಮರಿಯಾದರೆ, ಸುಮಾರು ಒಂದೂವರೆ ಕೆ.ಜಿ. ತೂಗುವವರೆಗೆ ಅದನ್ನು ತಾನಾಗಿ ತಿರುಗಲು ಬಿಡಬೇಡಿ. ಒಳಗಿರುವ ಪುಟ್ಟ ಜೀವ ಯಂತ್ರಕ್ಕೆ ತಿಳಿಯದೇ ಹೋಗಬಹುದು. ಡ್ರಾಯರನ್ನು ದಿನವೂ ನೀವೇ ಎಳೆಯಿರಿ. ಮನೆಯಲ್ಲಿ ಗಂಡಸರಿದ್ದರೆ ಅವರ ಕೈಗೂ ಸೌಟು ಕೊಡಿ. ಚೀಲವನ್ನು ಕಾಗದದಲ್ಲಿ ಸುತ್ತಿ, ಕೆಂಪು ಗುರುತು ಹಾಕಿ, ಬೇರೆಯಾಗಿಯೇ ಕೊಡಿ. ಕೆಲಸದವಳಿಗೆ ಈ ಕೆಲಸ ಹೇಳಲೇಬೇಕಾದರೆ ಮೊದಲು ಕೇಳಿ, ಅಪಾಯ ತಿಳಿಸಿ, ಗವಸು ಕೊಟ್ಟು, ಅದಕ್ಕೆ ಬೇರೆ ಸಂಬಳ ಕೊಡಿ. ಒಲ್ಲೆ ಎಂದರೆ ಸುಮ್ಮನಾಗಿ. ನಾವು ಹೆಂಗಸರು ತಲೆತಲಾಂತರದಿಂದ ಕಣ್ಣಿಗೆ ಬೀಳದ ಕೆಲಸ ಮಾಡುತ್ತ ಬಂದವರು. ಊಟದ ಎಲೆ ತಾನೇ ಎದ್ದುಹೋಗುತ್ತದೆ, ಹಾಸಿಗೆ ತಾನೇ ಮಡಚಿಕೊಳ್ಳುತ್ತದೆ ಎಂದು ತಿಳಿದ ಮನೆಗಳಲ್ಲಿ ಬಾಳಿದವರು. ಆ 'ತಾನೇ' ಎಂಬ ಮಾತಿನ ಉರಿ ನಮಗೆ ಗೊತ್ತು. ಅದನ್ನು ನಮಗಿಂತ ಬಡವಳಾದ ಇನ್ನೊಬ್ಬ ಹೆಂಗಸಿನ ಮೇಲೆ ನಾವೇ ಸುರಿಯಬಾರದು.