ಒಂದು ಹಗಲು, ಒಂದು ಊರು

ಎಳೆಯರ ಪ್ರವಾಸವೆಂದರೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳನ್ನು ಒಂದೇ ಹಗಲಿನಲ್ಲಿ ಮುಗಿಸಿಬರುವುದೆಂದು ನಮ್ಮ ಅನೇಕ ಶಾಲೆಗಳು ಬಗೆದಂತಿದೆ. ಆ ಶಿಲ್ಪವೈಭವವನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಎಂಟು ವರ್ಷದ ಮಗುವಿಗೆ ಕೊನೆಗೆ ಉಳಿಯುವುದು ಬಸ್ಸಿನ ಆಯಾಸ. ಮಂಡ್ಯ, ಮೈಸೂರು ಸೀಮೆಯ ಉಪಾಧ್ಯಾಯರು ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರೊಂದನ್ನೇ ಏಕೆ ಆರಿಸಬಾರದು? ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಣ ಹುಣಿಸೆಮರಗಳಲ್ಲಿ ಗೂಡು ಕಟ್ಟಿರುತ್ತವೆ. ಅವುಗಳ ಹಿಕ್ಕೆ ಹೊಲಕ್ಕೆ ಗೊಬ್ಬರ. ಊರವರಿಗೆ ಅವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಮರ ಕಡಿದರೆ ಆ ತವರೂ ಇಲ್ಲವಾಗುತ್ತದೆ. ಇದನ್ನು ತಿಳಿಯಲು ಎಂಟು ವರ್ಷ ಸಾಕಾದ ವಯಸ್ಸು. “ಇವನ್ನು ಯಾರೂ ಓಡಿಸುವುದಿಲ್ಲವೇಕೆ?” ಎಂದು ಒಂದು ಮಗು ಕೇಳಿತಾದರೆ ಪ್ರವಾಸ ಸಾರ್ಥಕವಾಯಿತೆಂದೇ ನನ್ನ ಮತ. ಉತ್ತರವನ್ನು ಮಾತ್ರ ಉಪಾಧ್ಯಾಯರು ಹೇಳದೆ, ಜಗಲಿಯ ಮೇಲೆ ಕುಳಿತ ಅಜ್ಜಿಯಿಂದ ಹೇಳಿಸಲಿ.